ಕಾಂಡೋರ್ಸೆ ಅಡಗಿದ್ದ ಮನೆ

ಫ್ರೆಂಚ್ ಕ್ರಾಂತಿಯ ಪಾಠ ಬಂದಾಗಲೆಲ್ಲ ವಾಲ್ಟೇರ್, ರೂಸೋ ಇಬ್ಬರನ್ನೂ ಬೇಗ ದಾಟಿ ನಾನು ಕಾಂಡೋರ್ಸೆಯ ಬಳಿ ನಿಲ್ಲುತ್ತೇನೆ. ಗಣಿತಜ್ಞ. ಹೆಂಗಸರಿಗೂ ಪೌರತ್ವದ ಹಕ್ಕು ಸಲ್ಲಬೇಕೆಂದು 1790ರಲ್ಲೇ ಬರೆದವನು. ಮರಣದಂಡನೆಯೇ ತಪ್ಪೆಂದು ನಂಬಿದ್ದರಿಂದ ದೊರೆ ಹದಿನಾರನೇ ಲೂಯಿಯ ಸಾವಿಗೂ ಮತ ಹಾಕಲಿಲ್ಲ. ಕ್ರಾಂತಿಯ ಉಗ್ರ ಬಣವಾದ ಜಾಕೊಬಿನ್ನರ ಸಂವಿಧಾನವನ್ನು ಟೀಕಿಸಿದ್ದಕ್ಕೆ 1793ರಲ್ಲಿ ಅವನ ಬಂಧನದ ಆದೇಶ ಹೊರಟಿತು.

ಪ್ಯಾರಿಸ್ಸಿನ ಮದಾಂ ವೆರ್ನೆ ಎಂಬ ವಿಧವೆ ಅವನನ್ನು ತಿಂಗಳುಗಟ್ಟಲೆ ತನ್ನ ಮನೆಯಲ್ಲಿ ಬಚ್ಚಿಟ್ಟಳು. ಸಿಕ್ಕಿಬಿದ್ದಿದ್ದರೆ ಅವಳ ತಲೆಯೂ ಹೋಗುತ್ತಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಆಕೆಗೆ ಒಂದು ಸಾಲಾದರೂ ಸಿಗಬೇಕು! ಮಾನವಕುಲದ ಪ್ರಗತಿಗೆ ಮಿತಿಯೇ ಇಲ್ಲವೆಂದು ಅವನು ಬರೆದದ್ದು ಆ ಮನೆಯಲ್ಲೇ, ಹೊರಗೆ ತಲೆ ಕಡಿಯುವ ಗಿಲೊಟಿನ್ ಬೀಳುತ್ತಿದ್ದ ದಿನಗಳಲ್ಲಿ. ಅವಳಿಗೆ ಅಪಾಯ ತಾರದಿರಲೆಂದು 1794ರ ಮಾರ್ಚ್‌ನಲ್ಲಿ ಹೊರಬಿದ್ದ. ಸೆರೆಸಿಕ್ಕು ಜೈಲಿನಲ್ಲೇ ಸತ್ತ. ಮರುವರ್ಷ ಅದೇ ಬರಹದ 3,000 ಪ್ರತಿಗಳನ್ನು ಕ್ರಾಂತಿಯ ಸರ್ಕಾರವೇ ಕೊಂಡು ಹಂಚಿತು.