ಉದ್ರಿ ಬರೆದಿಡದ ಚೆಸ್ ಮಾಸ್ತರ

ವಿಜಯಪುರದಲ್ಲಿ ನಾನು ಮಕ್ಕಳಿಗೆ ಚೆಸ್ ಕಲಿಸುತ್ತೇನೆ. ಮಾಳಿಗೆ ಮೇಲೊಂದು ಕೋಣೆ, ಎಂಟು ಬೋರ್ಡು, ಒಂದು ಫ್ಯಾನು. ಹೋದ ವರ್ಷ ಬೇಸಿಗೆ ರಜೆಯಲ್ಲಿ ಎರಡು ವಾರ ಡ್ಯಾನಿಶ್ ಗ್ಯಾಂಬಿಟ್ ಕಲಿಸಿದೆ. ಗ್ಯಾಂಬಿಟ್ ಅಂದರೆ ಆಟದ ಶುರುವಿನಲ್ಲೇ ಬೇಕಂತಲೇ ಕಾಯಿ ಕೊಟ್ಟು ಬದಲಿಗೆ ಬೇರೆ ಲಾಭ ಪಡೆಯೋದು. ಗ್ಯಾಂಬಿಟ್ ಪದದ ಮೂಲ ಇಟಾಲಿಯನ್, ಅಡ್ಡಗಾಲು ಕೊಟ್ಟು ಬೀಳಿಸೋದು ಅಂತ ಅರ್ಥ. ಕುಸ್ತಿ ನೋಡಿ ಬೆಳೆದ ಹುಡುಗರಿಗೆ ಇಷ್ಟು ಹೇಳಿದರೆ ಸಾಕಲ್ವಾ? ಖುಷಿಯೋ ಖುಷಿ. ಎಲ್ಲರೂ ಎದುರಾಳಿಯನ್ನು ಬೀಳಿಸೋಕೆ ತಯಾರಾದರು. ತಪ್ಪು ಅಲ್ಲೇ ಶುರುವಾಗಿತ್ತು. ನಾನು ಅದನ್ನು ಬರೀ ಡಾವು ಅಂತ ಕಲಿಸಿದ್ದೆ.

ರಜೆ ಮುಗಿಯೋ ಹೊತ್ತಿಗೆ ಒಂದು ಟೂರ್ನಮೆಂಟ್ ಇತ್ತು. ನಮ್ಮ ಹುಡುಗನೊಬ್ಬ ಬಿಳಿ ಕಾಯಿಯಲ್ಲಿ ಅದನ್ನೇ ಆಡಿದ. ಇ4, ಇ5 (ಅಕ್ಷರ, ಅಂಕಿ ಸೇರಿದರೆ ಬೋರ್ಡಿನ ಒಂದು ಮನೆಯ ಹೆಸರು). ಡಿ4 ಆಡಿದ, ಎದುರಿನವ ಹೊಡೆದ. ಸಿ3 ಆಡಿದ, ಮತ್ತೆ ಹೊಡೆದ. ಇವನು ಒಂಟೆಯನ್ನು ಸಿ4ಕ್ಕೆ ತಂದ (ನಮ್ಮ ಕಡೆ ಬಿಷಪ್‌ಗೆ ಒಂಟೆ, ಪಾನ್‌ಗೆ ಪ್ಯಾದೆ ಅಂತೀವಿ). ಅವನು ಬಿ2 ಪ್ಯಾದೆಯನ್ನೂ ತಿಂದ. ಇವನ ಇನ್ನೊಂದು ಒಂಟೆ ಅದನ್ನು ಹೊಡೆಯಿತು. ಎರಡು ಪ್ಯಾದೆ ಕಡಿಮೆ, ಎರಡು ಒಂಟೆ ಎದುರಿನ ಕೋಟೆಗೆ ಗುರಿ ಇಟ್ಟು ಕೂತಿವೆ. ನಾನು ದೂರದಿಂದ ನೋಡಿ ಮೀಸೆ ತಿರುವಿದೆ.

ಎದುರಿನವ ಸುಮ್ನೆ ಡಿ5 ಆಡಿದ. ತಿಂದದ್ದರಲ್ಲಿ ಒಂದನ್ನು ವಾಪಸ್ ಕೊಟ್ಟ, ಅಷ್ಟೇ. ನಮ್ಮವನು ಗಾಬರಿಯಾಗಿ ಇ4 ಪ್ಯಾದೆಯಿಂದ ಅದನ್ನು ಹೊಡೆದ. ಆ ಪ್ಯಾದೆ ಡಿ5ಕ್ಕೆ ಹೋಗಿ ಅವನದೇ ಸಿ4 ಒಂಟೆಯ ದಾರಿಗೆ ಅಡ್ಡ ನಿಂತಿತು! ಒಂಟೆಯಿಂದಲೇ ಹೊಡೆಯಬೇಕಿತ್ತು. ಆಮೇಲೆ ಅಟ್ಯಾಕ್ ಇಲ್ಲ, ಏನೂ ಇಲ್ಲ. ಒಂದು ಪ್ಯಾದೆ ಕಡಿಮೆ ಇಟ್ಟುಕೊಂಡು ಎಳೆದಾಡಿ ಸೋತ. ಹೊರಗೆ ಬಂದು, "ಸರ, ನೀವು ಡಿ5 ಹೇಳೇ ಇರಲಿಲ್ಲ" ಅಂದ. ನಿಜ, ಹೇಳಿರಲಿಲ್ಲ. ಆದರೆ ಹೇಳಿದ್ದರೆ ಅದಕ್ಕೂ ಒಂದು ಉತ್ತರ ಬಾಯಿಪಾಠ ಮಾಡಿಸುತ್ತಿದ್ದೆ, ಅಷ್ಟೇ ಆಗುತ್ತಿತ್ತು.

ಮುಂದಿನ ಭಾನುವಾರ ಅದೇ ಆಟವನ್ನು ಬೋರ್ಡಿನ ಮೇಲೆ ಇಟ್ಟೆ. ಯಾಕೆ ಸೋತ ಅಂತ ಕೇಳಿದೆ. ಕಿರಾಣಿ ಅಂಗಡಿಯವರ ಮಗಳೊಬ್ಬಳು, ಹತ್ತು ವರ್ಷ ಇರಬೇಕು, ಕೈ ಎತ್ತಿದಳು.

"ಸರ, ಇದು ಉದ್ರಿ ಕೊಟ್ಟಂಗ ಅಲ್ರೀ?"

"ಹೆಂಗವಾ?"

"ಉದ್ರಿ ಕೊಟ್ರ ನಮ್ಮಪ್ಪ ಬರಕೊಂತಾನ್ರೀ. ಇವ ಬರಕೊಂಡಿಲ್ಲ."

ಆಗ ಅಲ್ಲೇ ಲೆಕ್ಕಕ್ಕೆ ಕೂತೆವು. ಬಿಳಿ ಐದು ನಡೆ ಆಡಿ ಆಗಿದೆ. ಎರಡು ಒಂಟೆ ಹೊರಗೆ, ಇ4ರಲ್ಲಿ ಪ್ಯಾದೆ. ಕಪ್ಪು ನಾಲ್ಕು ನಡೆ ಆಡಿದೆ, ನಾಲ್ಕೂ ಒಂದೇ ಪ್ಯಾದೆಯದು. ಆ ಪ್ಯಾದೆಯೂ ಸತ್ತಿದೆ. ಅಂದರೆ ಕಪ್ಪಿನ ಒಂದು ಕಾಯಿಯೂ ಮನೆ ಬಿಟ್ಟಿಲ್ಲ. ಎರಡು ಪ್ಯಾದೆ ಕೊಟ್ಟು ತಗೊಂಡಿದ್ದು ಇದನ್ನೇ, ಹೊತ್ತನ್ನು. ಈ ಉದ್ರಿಗೆ ಗಡುವು ಇದೆ. ಎದುರಿನವನ ಕುದುರೆ, ಒಂಟೆ ಹೊರಬಂದು ರಾಜ ಕೋಟೆ ಸೇರುವುದರೊಳಗೆ (ಕ್ಯಾಸಲಿಂಗ್ ಆಗುವುದರೊಳಗೆ) ವಸೂಲಾಗಬೇಕು. ಡಿ5 ಆಡಿದವನಿಗೆ ಇದು ಗೊತ್ತಿತ್ತು. ಒಂದು ಪ್ಯಾದೆ ವಾಪಸ್ ಕೊಟ್ಟು, ತನ್ನ ಒಂಟೆಗೆ ದಾರಿ ಮಾಡಿಕೊಂಡು, ಲೆಕ್ಕ ಚುಕ್ತಾ ಮಾಡಿಬಿಟ್ಟ.

ಎಲ್ಲಾ ಗ್ಯಾಂಬಿಟ್ ಹೀಗೇ ಅಂತಲ್ಲ. ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ ಬಿಳಿ ಸಿ4 ಪ್ಯಾದೆ ಒಡ್ಡುತ್ತದೆ, ಆದರೆ ಅದು ಸಾಮಾನ್ಯವಾಗಿ ವಾಪಸ್ ಬಂದೇ ಬರುತ್ತದೆ. ಕಪ್ಪು ತಿಂದು, ಬಿಳಿ ಇ3 ಆಡಿದ ಮೇಲೆ ಬಿ5 ಆಡಿ ಉಳಿಸಿಕೊಳ್ಳೋಕೆ ಹೋದರೆ ನೋಡಿ: ಬಿಳಿ ಎ4, ಕಪ್ಪು ಸಿ6, ಬಿಳಿ ಬಿ5ರಲ್ಲಿ ಹೊಡೆಯುತ್ತದೆ, ಕಪ್ಪು ಸಿ ಪ್ಯಾದೆಯಿಂದ ವಾಪಸ್ ಹೊಡೆಯುತ್ತದೆ. ಈಗ ರಾಣಿ ಎಫ್3ಕ್ಕೆ! ಎ8ರ ಆನೆವರೆಗೆ ದಾರಿ ಖಾಲಿ. ಆನೆ ಉಳಿಸಬೇಕಾದರೆ ಕುದುರೆಯನ್ನೋ ಒಂಟೆಯನ್ನೋ ಬಿಡಬೇಕು. ಮಕ್ಕಳು ಇದನ್ನು ಹತ್ತು ಸಲ ಆಡಿಸಿದರು. ಕಿಂಗ್ಸ್ ಗ್ಯಾಂಬಿಟ್ ಬೇರೆ ಜಾತಿ. ಅಲ್ಲಿ ಎಫ್ ಪ್ಯಾದೆ ಕೊಡೋದರಿಂದ ನಮ್ಮ ರಾಜನ ಬಾಗಿಲೇ ತೆರೆದುಕೊಳ್ಳುತ್ತದೆ. 1960ರಲ್ಲಿ ಸ್ಪಾಸ್ಕಿ ಎದುರು ಅದರಲ್ಲಿ ಸೋತ ಫಿಶರ್ (ಮುಂದೆ ಇಬ್ಬರೂ ವಿಶ್ವ ಚಾಂಪಿಯನ್ ಆದರು), 1961ರಲ್ಲಿ ಈ ಗ್ಯಾಂಬಿಟ್ ನಿಲ್ಲೋದಿಲ್ಲ ಅಂತ ಲೇಖನ ಬರೆದ. ಆಮೇಲೆ ತಾನೇ ಅದನ್ನು ಆಡಿ ಗೆದ್ದ ಕೂಡ!

ಬಿ ಪ್ಯಾದೆ ಕೊಡುವ ಇವಾನ್ಸ್ ಗ್ಯಾಂಬಿಟ್‌ಗೆ ಲಾಟ್ವಿಯಾದ ರೀಗಾದಲ್ಲಿ ನಡೆದ 1995ರ ಆಟ ತೋರಿಸಿದೆ, ವಿಶ್ವ ಚಾಂಪಿಯನ್ ಕಾಸ್ಪರೋವ್ ಮತ್ತು ನಮ್ಮ ಆನಂದ್. "ನಮ್ಮ ಆನಂದ್ ಸೋತ್ರೇನ್ರೀ?" ಅಂತ ಎಲ್ಲರ ಮುಖ ಸಣ್ಣಗಾಯಿತು. ಹೌದು, 25 ನಡೆಯಲ್ಲಿ. ಅಂಥವರಿಗೇ ಆ ಹೊತ್ತಿನ ಸಾಲ ತೀರಿಸೋದು ಕಷ್ಟವಾಯಿತು.

ಈಗ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಸುತ್ತೇನೆ. ಎಡಕ್ಕೆ ಕೊಟ್ಟದ್ದು, ಬಲಕ್ಕೆ ಬಂದದ್ದು. ಐದು ನಡೆಗೊಮ್ಮೆ ತುಂಬಬೇಕು. ಕ್ಲಾಸು ನಿಧಾನವಾಗಿದೆ, ಒಂದಿಬ್ಬರು ಪಾಲಕರು ಮುಖ ಗಂಟು ಹಾಕಿಕೊಂಡಿದ್ದಾರೆ. ಆ ಹುಡುಗ ಇನ್ನೂ ಡ್ಯಾನಿಶ್ ಬಿಟ್ಟಿಲ್ಲ. ಹೋದ ವಾರವೂ ಸೋತ. ಅವನ ಪುಸ್ತಕದ ಬಲಗಡೆ ಕಾಲಂ ನೋಡಿದೆ. ಹನ್ನೊಂದನೇ ನಡೆಯ ಎದುರು ಪೆನ್ಸಿಲ್‌ನಲ್ಲಿ, "ರಾಜ ಕೋಟೆ ಸೇರ್ಯಾನ. ಇನ್ನ ರೊಕ್ಕ ಬರೂದಿಲ್ಲ" ಅಂತ ಬರೆದಿದ್ದ.