ನಾಲ್ಕು ‘ಕೋಂ’ಗಳ ಹಿಂದಿನ ಫ್ರಾನ್ಸಿಸ್: ಕೋಲ್ಕತ್ತಾದಿಂದ ಕಡಲೂರಿನವರೆಗೆ ಒಂದು ದಾಖಲೆ ಯಾತ್ರೆ

ನಮ್ಮ ಪಹಣಿ, ಕ್ರಯಪತ್ರಗಳಲ್ಲಿ ಗಂಡಸಿನ ಹೆಸರಾದ ಮೇಲೆ ‘ಬಿನ್’ (ಇಂಥವರ ಮಗ) ಬರುತ್ತದೆ, ಮದುವೆಯಾದ ಹೆಂಗಸಿನ ಹೆಸರಾದ ಮೇಲೆ ‘ಕೋಂ’ (ಇಂಥವರ ಹೆಂಡತಿ). ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ ನನ್ನನ್ನು ಆ ‘ಕೋಂ’ ಬಹಳ ಕಾಡಿದೆ. ಗಂಡ ತೀರಿಕೊಂಡು ಪೌತಿ ಖಾತೆಗೆ ಅರ್ಜಿ ಬಂದಾಗ ಮಾತ್ರ ಆ ಹೆಂಗಸಿನ ಹೆಸರು ಮೊದಲ ಬಾರಿಗೆ ಪುಸ್ತಕದ ಮೇಲ್ಸಾಲಿಗೆ ಏರುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿ ಕಾಲದ ಇಂಗ್ಲಿಷ್ ಹೆಂಗಸರ ಕಥೆಯೂ ಇದೇ ಎಂದು ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ, ಕೋಲ್ಕತ್ತಾದ ಸೇಂಟ್ ಜಾನ್ಸ್ ಚರ್ಚಿನ ಆವರಣದಲ್ಲಿ, ಒಂದು ಸಮಾಧಿಯ ಮುಂದೆ ನಿಂತಾಗ.

ಆ ಸಮಾಧಿ ಫ್ರಾನ್ಸಿಸ್ ಜಾನ್ಸನ್ ಅವರದು. ಊರೆಲ್ಲ ಕರೆದದ್ದು ‘ಬೇಗಂ ಜಾನ್ಸನ್’ ಎಂದು. ನಾಲ್ಕು ಮದುವೆ, ಆರು ಮಕ್ಕಳು, ಮೊಮ್ಮಗ ಇಂಗ್ಲೆಂಡಿನ ಪ್ರಧಾನಿ. ಅವರ ಜಾಡು ಹಿಡಿದು ನಾನು ಮತ್ತು ನಮ್ಮೆಜಮಾನರು ಎರಡು ವರ್ಷದಲ್ಲಿ ಮೂರು ಪ್ರಯಾಣ ಮಾಡಿದೆವು. ಹೀಗೆ ಯಾರದಾದರೂ ವಂಶ ಹುಡುಕಿಕೊಂಡು ಹೊರಡುವವರಿಗೆ ಅನುಕೂಲವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಆಕೆಯ ಎಲ್ಲ ಹೆಸರುಗಳನ್ನೂ ಬರೆದುಕೊಳ್ಳಿ. ಫ್ರಾನ್ಸಿಸ್ ಹುಟ್ಟಿದ್ದು ಕ್ರೂಕ್ ಮನೆತನದಲ್ಲಿ. ಅದನ್ನೇ ಕ್ರೋಕ್ ಎಂದೂ ಬರೆದಿದ್ದಾರೆ. ಆಮೇಲೆ ಟೆಂಪ್ಲರ್, ಆಲ್ಥಂ, ವಾಟ್ಸ್, ಜಾನ್ಸನ್. ಸೂಚಿಯಲ್ಲಿ ‘ಜಾನ್ಸನ್’ ಒಂದನ್ನೇ ಹುಡುಕುತ್ತ ಕೂತರೆ ಅವರ ಬದುಕಿನ ಅರ್ಧಕ್ಕಿಂತ ಹೆಚ್ಚು ಪಾಲು ಕೈಗೆ ಸಿಗುವುದಿಲ್ಲ. ಪ್ರತಿ ಹೆಸರಿನ ಎದುರು ಎರಡು ಇಸವಿ ಹಾಕಿ: ಆ ಹೆಸರು ಶುರುವಾದದ್ದು ಯಾವಾಗ, ಮುಗಿದದ್ದು ಯಾವಾಗ. ಯಾವ ದಾಖಲೆ ಯಾವ ಹೆಸರಿನಡಿ ಇರಬೇಕು ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ.

ಕೋಲ್ಕತ್ತಾಗೆ ಚಳಿಗಾಲದಲ್ಲಿ ಹೋಗಿ. ನಮ್ಮವರು ಸಾಮಾನ್ಯವಾಗಿ ದಸರಾ ರಜೆಗೆ ಟಿಕೆಟ್ ಮಾಡಿಸುತ್ತಾರೆ. ಈ ಕೆಲಸಕ್ಕೆ ಅದು ಬೇಡ, ದುರ್ಗಾಪೂಜೆಯ ದಿನಗಳಲ್ಲಿ ಅಲ್ಲಿನ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿರುತ್ತವೆ. ಹೌರಾದಲ್ಲಿ ಇಳಿದರೆ ಹೂಗ್ಲಿ ನದಿಯ ಕೆಳಗೆ ಹಾದುಹೋಗುವ ಮೆಟ್ರೊ ಹತ್ತಿ ಮಹಾಕರಣ್ ನಿಲ್ದಾಣದಲ್ಲಿ ಇಳಿಯಿರಿ. ಚರ್ಚಿಗೆ ಅಲ್ಲಿಂದ ನಡೆದೇ ಹೋಗಬಹುದು. ಆ ಜಾಗವೂ ಒಂದು ಭೂದಾಖಲೆಯೇ. ಶೋಭಾಬಜಾರಿನ ಮಹಾರಾಜ ನವಕೃಷ್ಣ ದೇವ್ ದಾನ ಕೊಟ್ಟ ನೆಲದಲ್ಲಿ 1784ರಲ್ಲಿ ಅಡಿಪಾಯ ಹಾಕಿ, 1787ರಲ್ಲಿ ಚರ್ಚನ್ನು ತೆರೆದರು. ಅದಕ್ಕಾಗಿ ಓಡಾಡಿದವರಲ್ಲಿ ಮುಖ್ಯರು ಪಾದ್ರಿ ವಿಲಿಯಂ ಜಾನ್ಸನ್, ಅಂದರೆ ಫ್ರಾನ್ಸಿಸ್‌ರ ನಾಲ್ಕನೇ ಗಂಡ.

ಸಮಾಧಿಯ ಮೇಲಿನ ಬರಹ ನಿಜಕ್ಕೂ ಒಂದು ವಂಶವೃಕ್ಷ. ಮೊದಲ ಗಂಡ ಪ್ಯಾರಿ ಪರ್ಪಲ್ ಟೆಂಪ್ಲರ್, ಅವರಿಂದಾದ ಇಬ್ಬರು ಮಕ್ಕಳೂ ಕೂಸಿದ್ದಾಗಲೇ ಹೋದವು. ಎರಡನೆಯವರು ಜೇಮ್ಸ್ ಆಲ್ಥಂ, ಮದುವೆಯಾದ ಕೆಲವೇ ದಿನಕ್ಕೆ ಸಿಡುಬಿನಿಂದ ತೀರಿಕೊಂಡರು. ಮೂರನೆಯವರು ವಿಲಿಯಂ ವಾಟ್ಸ್, ಪ್ಲಾಸಿ ಕದನಕ್ಕೆ ಮೊದಲು ನವಾಬನ ಸೇನಾಪತಿ ಮೀರ್ ಜಾಫರ್‌ನೊಂದಿಗೆ ಒಳಸಂಚಿನ ಒಪ್ಪಂದ ಕುದುರಿಸಿದವರು. ಅವರಿಂದ ಅಮೆಲಿಯಾ, ಎಡ್ವರ್ಡ್, ಸೋಫಿಯಾ, ಮತ್ತೆ ಕೂಸಿನಲ್ಲೇ ತೀರಿದ ವಿಲಿಯಂ. ಅಮೆಲಿಯಾಳ ಮಗನೇ ಲಾರ್ಡ್ ಲಿವರ್‌ಪೂಲ್. 1812ರ ಫೆಬ್ರುವರಿ 3ರಂದು ಅಜ್ಜಿ ತೀರಿಕೊಂಡರು, ಅದೇ ವರ್ಷ ಜೂನ್‌ನಲ್ಲಿ ಮೊಮ್ಮಗ ಪ್ರಧಾನಿಯಾದರು.

ಕಲ್ಲಿನಲ್ಲಿರುವುದನ್ನೆಲ್ಲ ಹಾಗೆಯೇ ನಂಬಬೇಡಿ. ಹುಟ್ಟಿದ್ದು 1725ರ ಏಪ್ರಿಲ್ 10, ಸಾಯುವಾಗ ವಯಸ್ಸು 87 ಎಂದು ಕೆತ್ತಿದ್ದಾರೆ. ಲೆಕ್ಕ ಹಾಕಿದರೆ 86 ತುಂಬಿತ್ತು. ‘87 ನಡೀತಿತ್ತು’ ಎಂದು ನಾವು ಹೇಳುವುದಿಲ್ಲವೇ, ಹಾಗೆ. ಕೆಲವರು ಹುಟ್ಟಿದ ವರ್ಷ 1728 ಎಂದೇ ಬರೆದಿದ್ದಾರೆ. ಸಮಾಧಿಯ ಮಾತನ್ನು ಹೇಳಿಕೆ ಎಂದು ಇಟ್ಟುಕೊಳ್ಳಿ. ಪುರಾವೆಯನ್ನು ಬೇರೆಯೇ ಹುಡುಕಬೇಕು.

ನಾನು ಬರಹವನ್ನು ಎರಡು ಸಲ ಓದಿ ನಮ್ಮೆಜಮಾನರನ್ನು ಕರೆದೆ. “ರೀ, ಇಲ್ನೋಡಿ. ಅಪ್ಪ ಇದ್ದಾರೆ, ನಾಲ್ಕು ಜನ ಗಂಡಂದಿರಿದ್ದಾರೆ, ಅಳಿಯಂದಿರಿದ್ದಾರೆ. ಹೆತ್ತ ತಾಯಿ ಎಲ್ಲಿ?”

ಅವರೂ ಬೆರಳಿಟ್ಟು ಸಾಲು ಸಾಲಾಗಿ ನೋಡಿದರು. “ಇಲ್ಲ ಕಣೇ,” ಎಂದರು.

ತಂದೆ ಎಡ್ವರ್ಡ್ ಕ್ರೂಕ್, ಕಡಲೂರಿನ ಸೇಂಟ್ ಡೇವಿಡ್ ಕೋಟೆಯ ಗವರ್ನರ್. ತಾಯಿ ಇಸಬೆಲ್ಲಾ ಬೈಜರ್ ಪೋರ್ಚುಗೀಸ್ ಮೂಲದ, ಇಲ್ಲಿಯ ನೆಲದಲ್ಲೇ ಬೆಳೆದ ಮನೆತನದವರು. ಪ್ರಧಾನಿಯ ಮುತ್ತಜ್ಜಿಯಾಗಬೇಕಾದ ಆಕೆಗೆ ಕಲ್ಲಿನಲ್ಲಿ ಜಾಗ ಸಿಕ್ಕಿಲ್ಲ. ಅಲ್ಲಿಂದಾಚೆ ನನ್ನ ಹುಡುಕಾಟ ಫ್ರಾನ್ಸಿಸ್‌ಗಿಂತ ಹೆಚ್ಚಾಗಿ ಇಸಬೆಲ್ಲಾ ಕಡೆಗೇ ತಿರುಗಿತು.

ಅದೇ ಆವರಣದಲ್ಲಿ, ಕೋಲ್ಕತ್ತಾದಲ್ಲಿ ಕಂಪನಿಯ ನೆಲೆ ಹಾಕಿದ ಜಾಬ್ ಚಾರ್ನಾಕ್ ಸಮಾಧಿಯನ್ನೂ ತಪ್ಪದೆ ನೋಡಿ. ಅದರ ಕಲ್ಲಿನಿಂದಲೇ ಚಾರ್ನೊಕೈಟ್ ಎಂಬ ಶಿಲೆಗೆ ಹೆಸರು ಬಂತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಬಂಡೆಯೂ ಅದೇ ಜಾತಿಯದು. ಆದರೆ ನಿಮಗೆ ಬೇಕಾದದ್ದು ಆ ಲ್ಯಾಟಿನ್ ಬರಹದಲ್ಲಿ ಚಾರ್ನಾಕ್‌ನ ಮಗಳು ಮೇರಿ ಸತ್ತ ವರ್ಷ. ‘1696-7’ ಎಂದಿದೆ. ಅದು ಕೆತ್ತುವವನ ತಪ್ಪಲ್ಲ. 1752ಕ್ಕಿಂತ ಮೊದಲು ಇಂಗ್ಲಿಷರಿಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಜನವರಿ, ಫೆಬ್ರುವರಿಯ ತಾರೀಖುಗಳಿಗೆ ಎರಡು ವರ್ಷ ಬರೆಯುತ್ತಿದ್ದರು, ಕೆಲವು ಗುಮಾಸ್ತರು ಹಳೆಯದೊಂದನ್ನೇ ಬರೆದುಬಿಡುತ್ತಿದ್ದರು. ಇದು ಗೊತ್ತಿಲ್ಲದಿದ್ದರೆ ಗಂಡ ಸಾಯುವ ಮೊದಲೇ ಹೆಂಡತಿ ಮರುಮದುವೆಯಾದಂತೆ, ಮದುವೆಗೆ ಮುಂಚೆಯೇ ಮಗು ಹುಟ್ಟಿದಂತೆ ಕಾಣುತ್ತದೆ. ಫ್ರಾನ್ಸಿಸ್ ವಾಟ್ಸ್‌ರನ್ನು ಮದುವೆಯಾದದ್ದು 1749ರಲ್ಲಿ. ಎರಡನೇ ಮದುವೆಗೂ ಮೂರನೆಯದಕ್ಕೂ ನಡುವಿನ ಅಂತರ ಬಹಳ ಕಡಿಮೆ, ಅಲ್ಲಿ ಈ ಲೆಕ್ಕವನ್ನು ಎಚ್ಚರದಿಂದ ಮಾಡಬೇಕು.

ಇನ್ನು ಕಚೇರಿಗಳ ಮಾತು. ನಮ್ಮ ಒಂದು ಇಡೀ ದಿನ ವ್ಯರ್ಥವಾಯಿತು. ಒಂದು ದಾಖಲೆ ಕಚೇರಿಯಲ್ಲಿ ಪರಿಚಯ ಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದು ವಾಪಸು ಕಳಿಸಿದರು. ನಿಮ್ಮ ಊರಿನ ಕಾಲೇಜಿನಿಂದಲೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಿಂದಲೋ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಜೊತೆಗೆ ಆಧಾರ್ ಪ್ರತಿ ಮತ್ತು ಎರಡು ಫೋಟೊ ಇರಲಿ. ಪೆನ್ಸಿಲ್ ಒಯ್ಯಿರಿ, ಹಳೆಯ ಕಾಗದದ ಹತ್ತಿರ ಪೆನ್ನು ತೆಗೆಯಲು ಬಿಡುವುದಿಲ್ಲ, ಬಿಡಲೂಬಾರದು.

ಕೋಲ್ಕತ್ತಾದಲ್ಲಿ 1756ಕ್ಕಿಂತ ಹಿಂದಿನ ಕಾಗದ ಸಿಗುವುದು ಬಹಳ ಅಪರೂಪ. ಆ ಜೂನ್‌ನಲ್ಲಿ ಬಂಗಾಳದ ನವಾಬ ಸಿರಾಜುದ್ದೌಲನ ಸೈನ್ಯ ಊರನ್ನು ಹಿಡಿದಾಗ ದಫ್ತರಗಳು ಹಾಳಾದವು. ಅದೇ ಗಲಭೆಯಲ್ಲಿ, ಕಂಪನಿಯ ಕೋಠಿಯಿದ್ದ ಕಾಸಿಂಬಜಾರಿನಲ್ಲಿ ವಾಟ್ಸ್ ಸೆರೆಯಾದರು, ಫ್ರಾನ್ಸಿಸ್ ಮತ್ತು ಮಕ್ಕಳಿಗೆ ನವಾಬನ ಮನೆಯ ಹಿರಿಯ ಬೇಗಂ ಆಶ್ರಯ ಕೊಟ್ಟರು. ‘ಬೇಗಂ’ ಎಂಬ ಹೆಸರಿಗೆ ಕಾರಣ ಅದೇ. ಉಯಿಲುಗಳ ಪ್ರೊಬೇಟ್ (ಉಯಿಲಿಗೆ ಕೋರ್ಟಿನ ಮಾನ್ಯತೆ) ಮೊದಲು ಮೇಯರ್ಸ್ ಕೋರ್ಟಿನಲ್ಲಿ ಆಗುತ್ತಿತ್ತು, 1774ರಿಂದ ಕಲ್ಕತ್ತಾದ ಅಂದಿನ ಸುಪ್ರೀಂ ಕೋರ್ಟಿನಲ್ಲಿ. ಕಂಪನಿಯವರು ಇವುಗಳ ನಕಲನ್ನು ಲಂಡನ್ನಿಗೆ ಕಳಿಸುತ್ತಿದ್ದರು. ಇಲ್ಲಿ ಹಾಳಾದದ್ದು ಅಲ್ಲಿ ಉಳಿದಿರುವುದು ಈ ಪದ್ಧತಿಯಿಂದಾಗಿ.

ಆ ನಕಲುಗಳು ಇರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ ದಾಖಲೆಗಳಲ್ಲಿ. ನಮ್ಮ ಮಗಳು ಮಿಲ್ಟನ್ ಕೀನ್ಸ್‌ನಲ್ಲಿ ಇರುವುದರಿಂದ ನಮಗೆ ಹೋಗಲು ಸಾಧ್ಯವಾಯಿತು. ಓದುಗರ ಪಾಸ್ ಉಚಿತ, ವಿಳಾಸದ ದಾಖಲೆ ಬೇಕು. ಮೂರು ಸಾಲುಗಳನ್ನು, ಅಂದರೆ ದಾಖಲೆ ಸರಣಿಗಳ ಗುರುತುಗಳನ್ನು, ಬರೆದಿಟ್ಟುಕೊಂಡು ಹೋಗಿ. ಚರ್ಚಿನ ಜನನ-ಮದುವೆ-ಮರಣಕ್ಕೆ ಬಂಗಾಳವಾದರೆ ‘ಎನ್/1’, ಮದ್ರಾಸಾದರೆ ‘ಎನ್/2’, ಬೊಂಬಾಯಿಯಾದರೆ ‘ಎನ್/3’. ಉಯಿಲುಗಳಿಗೆ ‘ಎಲ್/ಎಜಿ/34/29’. ಸತ್ತವರ ಮನೆಯ ಸಾಮಾನಿನ ಪಟ್ಟಿಗೆ ‘ಎಲ್/ಎಜಿ/34/27’. ಬೆಂಗಳೂರು ದಂಡು ಪ್ರದೇಶದ ಇಂಗ್ಲಿಷ್ ಕುಟುಂಬಗಳನ್ನು ಹುಡುಕುವವರಿಗೆ ಮದ್ರಾಸಿನ ಸಾಲೇ ಬೇಕು. ಇವುಗಳಲ್ಲಿ ಬಹಳಷ್ಟು ‘ಫೈಂಡ್‌ಮೈಪಾಸ್ಟ್’ ತಾಣದಲ್ಲಿ ಚಂದಾ ಕಟ್ಟಿದವರಿಗೆ ಸಿಗುತ್ತವೆ. ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ವಂಶ ಹುಡುಕುವವರ ‘ಫಿಬಿಸ್’ ಸಂಸ್ಥೆಯ ಹುಡುಕಾಟ ಉಚಿತ. ವಿಮಾನದ ಟಿಕೆಟ್ ಕೊಳ್ಳುವ ಮೊದಲು ಇವೆರಡನ್ನೂ ಜಾಲಾಡಿ. 2023ರ ಸೈಬರ್ ದಾಳಿಯಿಂದ ಲೈಬ್ರರಿಯ ಸೇವೆಗಳಿಗೆ ಪೆಟ್ಟು ಬಿದ್ದಿತ್ತು, ಆದ್ದರಿಂದ ನಿಮಗೆ ಬೇಕಾದ ಕಟ್ಟು ತರಿಸಲು ಆಗುತ್ತದೆಯೇ ಎಂದು ಇಮೇಲ್ ಮಾಡಿ ಕೇಳಿ.

ಇಂಗ್ಲೆಂಡಿನಲ್ಲೂ ಆಸ್ತಿ ಇದ್ದವರ ಉಯಿಲು ಕ್ಯಾಂಟರ್ಬರಿ ಪ್ರಿರಾಗೇಟಿವ್ ಕೋರ್ಟಿಗೆ ಹೋಗುತ್ತಿತ್ತು. ಅವು ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಪ್ರೋಬ್ 11’ ಸಾಲಿನಲ್ಲಿವೆ, 1858ರ ಜನವರಿವರೆಗೂ. ಮನೆಯಲ್ಲೇ ಕೂತು ಇಳಿಸಿಕೊಳ್ಳಬಹುದು.

ಉಯಿಲು ಓದುವಾಗ ಇಂದಿನ ಇಂಗ್ಲಿಷ್ ಮರೆತುಬಿಡಿ. ‘ಸನ್ ಇನ್ ಲಾ’ ಎಂದರೆ ಎಷ್ಟೋ ಸಲ ಅಳಿಯನಲ್ಲ, ಹೆಂಡತಿಯ ಮೊದಲ ಮದುವೆಯ ಮಗ. ಇದೊಂದು ಪದ ಒಂದು ಹಳೆಯ ಮದುವೆಯನ್ನೇ ಬಯಲಿಗೆ ತರುತ್ತದೆ. ‘ಕಸಿನ್’ ಎಂದರೆ ಬರೆದವರ ಒಡಹುಟ್ಟಿದವರ ಮಕ್ಕಳೂ ಆಗಬಹುದು. ‘ರಿಲಿಕ್ಟ್’ ಎಂದರೆ ಇಂಥವರ ವಿಧವೆ, ನಮ್ಮ ‘ಕೋಂ ಲೇಟ್’ ಇದ್ದಂತೆ. ‘ಮೈ ನೌ ವೈಫ್’ ಕಂಡ ಕೂಡಲೇ ಹಿಂದೆ ಇನ್ನೊಬ್ಬಳು ಹೆಂಡತಿಯಿದ್ದಳು ಎಂದು ತೀರ್ಮಾನಿಸಬೇಡಿ. ಮುಂದೆ ಬರಬಹುದಾದ ಹೆಂಡತಿಗೆ ಈ ಆಸ್ತಿ ಹೋಗಬಾರದು ಎಂಬ ಎಚ್ಚರಿಕೆ ಅದು. ಉಯಿಲಿನಲ್ಲಿ ಒಂದು ಮಗುವಿನ ಹೆಸರಿಲ್ಲ ಎಂದ ಮಾತ್ರಕ್ಕೆ ಅದು ಸತ್ತಿದೆ ಎಂದೂ ಅಲ್ಲ. ನಮ್ಮಲ್ಲಿ ಮದುವೆಯಲ್ಲೇ ಕೊಟ್ಟು ಕಳಿಸಿದ ಮಗಳ ಹೆಸರು ಪಾಲುಪತ್ರದಲ್ಲಿ ಇರುತ್ತಿತ್ತೇ?

ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಂಗಸಿನ ಚರಾಸ್ತಿ ಗಂಡನದಾಗುತ್ತಿತ್ತು. ಜಮೀನಿನ ಆಡಳಿತವೂ ಅವನ ಕೈಗೆ ಹೋಗುತ್ತಿತ್ತು. ಆಕೆಯದೇ ಸಹಿ ಬೇಕೆಂದರೆ ವಿಧವೆಯಾಗಿದ್ದ ವರ್ಷಗಳಲ್ಲಿ ಹುಡುಕಿ. ವಾಟ್ಸ್ 1764ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಅವರ ಆಸ್ತಿಯ ವ್ಯವಹಾರ ತೀರಿಸಲು ಫ್ರಾನ್ಸಿಸ್ 1769ರಲ್ಲಿ ಮತ್ತೆ ಕಲ್ಕತ್ತಾಗೆ ಬಂದರು. 1774ರಲ್ಲಿ ಪಾದ್ರಿ ಜಾನ್ಸನ್‌ರನ್ನು ಮದುವೆಯಾಗುವವರೆಗಿನ ಆ ಹತ್ತು ವರ್ಷ ನಮ್ಮಂಥವರಿಗೆ ಚಿನ್ನದ ಗಣಿ. 1788ರಲ್ಲಿ ಪಾದ್ರಿ ಇಂಗ್ಲೆಂಡಿಗೆ ಹೊರಟರು, ಈಕೆ ಕಲ್ಕತ್ತಾದಲ್ಲೇ ಉಳಿದರು. ವರ್ಷಾಶನ ಗೊತ್ತುಮಾಡಿ ಅವರನ್ನು ಕಳಿಸಿಕೊಟ್ಟರು ಎನ್ನುತ್ತಾರೆ. ವರ್ಷಾಶನ ಎಂದಮೇಲೆ ಅದಕ್ಕೊಂದು ಪತ್ರವೂ ಆಗಿರಲೇಬೇಕು.

ನೆಲದ ಜಾಡು ನನ್ನನ್ನು ಮಗಳ ಮನೆಯ ಹತ್ತಿರಕ್ಕೇ ಕರೆದುಕೊಂಡು ಹೋಯಿತು. ಸಮಾಧಿಯ ಕಲ್ಲಿನಲ್ಲಿ ಮಗ ಎಡ್ವರ್ಡ್‌ನನ್ನು ‘ಹ್ಯಾನ್ಸ್‌ಲೋಪ್ ಪಾರ್ಕಿನವರು’ ಎಂದು ಕರೆದಿದ್ದಾರಲ್ಲ, ಆ ಎಸ್ಟೇಟ್ ಇರುವುದು ಮಿಲ್ಟನ್ ಕೀನ್ಸ್ ಪಕ್ಕದಲ್ಲಿ. ವಾಟ್ಸ್ ಸಾಯುವ ವರ್ಷವೇ ಕೊಂಡದ್ದು, ಮಗನಿಗೆ ಬಂತು. ಈಗ ಅದು ಸರ್ಕಾರದ ಬಿಗಿ ಕಾವಲಿನ ಜಾಗ, ಒಳಗೆ ಬಿಡುವುದಿಲ್ಲ, ಫೋಟೊಕ್ಕೂ ಹೋಗಬೇಡಿ. ಊರಿನ ಚರ್ಚು ನೋಡಿಕೊಂಡು ಬನ್ನಿ. ವಸಾಹತುಗಳಿಂದ ತಂದು ದಶಕಗಟ್ಟಲೆ ಮುಚ್ಚಿಟ್ಟಿದ್ದ ಕಡತಗಳು 2011ರಲ್ಲಿ ಬೆಳಕಿಗೆ ಬಂದದ್ದೂ ಇದೇ ಹ್ಯಾನ್ಸ್‌ಲೋಪ್ ಪಾರ್ಕಿನಿಂದ. ಬಂಗಾಳದ ಹಣದಲ್ಲಿ ಕೊಂಡ ನೆಲದಲ್ಲೇ ಆ ಕಾಗದಗಳಿದ್ದವು ಎಂದು ತಿಳಿದು ನಾನು ಬಹಳ ಹೊತ್ತು ಆ ರಸ್ತೆಯಲ್ಲೇ ನಿಂತಿದ್ದೆ. ಜಮೀನಿನ ಹಳೆಯ ಪತ್ರಗಳಿಗೆ ಏಲ್ಸ್‌ಬರಿಯಲ್ಲಿರುವ ಜಿಲ್ಲಾ ದಾಖಲೆ ಕೇಂದ್ರಕ್ಕೆ ಹೋಗಬೇಕು. ವಾಟ್ಸ್ 1760ರಲ್ಲಿ ಕಟ್ಟಿಸಿದ ಸೌತ್ ಹಿಲ್ ಪಾರ್ಕ್ ಬ್ರಾಕ್ನೆಲ್‌ನಲ್ಲಿದೆ, ಈಗ ಕಲಾಕೇಂದ್ರ, ಎಲ್ಲರಿಗೂ ಪ್ರವೇಶವಿದೆ.

ಕೊನೆಗೆ ಕಡಲೂರು. ಬೆಂಗಳೂರಿನಿಂದ ಪುದುಚೇರಿಗೆ ಹೋಗುವವರು ಅರ್ಧ ದಿನ ಹೆಚ್ಚಿಗೆ ಇಟ್ಟುಕೊಂಡರೆ ಸಾಕು. ದೇವನಾಂಪಟ್ಟಿನಂನಲ್ಲಿ ಸೇಂಟ್ ಡೇವಿಡ್ ಕೋಟೆಯ ಅವಶೇಷವಿದೆ. 1690ರಲ್ಲಿ ಕಂಪನಿ ಇದನ್ನು ಮರಾಠರಿಂದ ಕೊಂಡಾಗ ಎಲ್ಲೆ ಗುರುತಿಸಿದ ರೀತಿ ನಾನು ಯಾವ ಸರ್ವೆ ಪುಸ್ತಕದಲ್ಲೂ ನೋಡಿಲ್ಲ: ಕೋಟೆಯಿಂದ ತೋಪು ಹಾರಿಸುವುದು, ಗುಂಡು ಬಿದ್ದಷ್ಟು ದೂರದ ಹಳ್ಳಿಗಳೆಲ್ಲ ಕಂಪನಿಯವು. ‘ಗುಂಡುಗ್ರಾಮ’ ಎಂದು ಅವಕ್ಕೆ ಹೆಸರೇ ಆಯಿತು. 1758ರಲ್ಲಿ ಫ್ರೆಂಚರು ಕೋಟೆಯನ್ನು ಹಿಡಿದು ಕೆಡವಿದರು.

ಆ ಗುಂಡು ಬಿದ್ದ ಎಲ್ಲೆಯೊಳಗೇ ಇಸಬೆಲ್ಲಾ ಬೈಜರ್ ಸಂಸಾರ ಮಾಡಿದ್ದರು. ಮದ್ರಾಸಿನ ‘ಎನ್/2’ ಸಾಲು 1698ರಿಂದ ಇದೆ. ಬೈಜರ್, ಬೇಜೋರ್, ಬೀಜರ್, ಹೀಗೆ ಗುಮಾಸ್ತನ ಕಿವಿಗೆ ಹೇಗೆಲ್ಲ ಕೇಳಿಸಿರಬಹುದೋ ಅಷ್ಟನ್ನೂ ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಹಾಳೆಯ ತಲೆಯಲ್ಲಿ ‘ಇಸಬೆಲ್ಲಾ’ ಎಂದಷ್ಟೇ ಬರೆದಿದ್ದೇನೆ, ‘ಕೋಂ’ ಹಾಕಿಲ್ಲ.