ಪೆನ್ಶನ್ ಉಂಟು, ಸಾಕಾಗುತ್ತದಾ?

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ "ಪೆನ್ಶನ್ ಉಂಟಾ?" ಎಂದು ಕೇಳಿದರೆ "ಉಂಟು" ಎನ್ನುವವರೇ ಹೆಚ್ಚು. ಮಂಗಳೂರಿನ ಬ್ಯಾಂಕಿನಲ್ಲಿ ದುಡಿದು ಬಂದವರ ಪೆನ್ಶನ್, ಬೀಡಿ ಕಟ್ಟಿದವರ ಪಿಎಫ್ ಪೆನ್ಶನ್, ಪಂಚಾಯತಿನ ಮೂಲಕ ಬರುವ ಕ್ಷೇಮ ಪಿಂಚಣಿ, ಎಲ್ಲವೂ ಆ ಒಂದು "ಉಂಟು"ವಿನಲ್ಲಿ ಸೇರಿಬಿಡುತ್ತವೆ. "ಎರಡು ಎಕ್ರೆ ಅಡಿಕೆ ತೋಟ ಉಂಟಲ್ಲ, ಅದೇ ನಮಗೆ ಪೆನ್ಶನ್" ಎನ್ನುವವರೂ ಇದ್ದಾರೆ. ತಿಂಗಳು ತಿಂಗಳು ತಪ್ಪದೆ ಬರುವುದು ಬೇರೆ, ಸಾಮಾನಿನ ಕ್ರಯ ಏರಿದ ಹಾಗೆ ತಾನೂ ಏರುವುದು ಬೇರೆ. ಎರಡೂ ಗುಣ ಒಟ್ಟಿಗೆ ಇರುವ ಪೆನ್ಶನ್ ನಮ್ಮಲ್ಲಿ ಕೆಲವರಿಗೆ ಮಾತ್ರ.

ಬೀಡಿಯವರ ಲೆಕ್ಕದಿಂದ ಶುರು ಮಾಡೋಣ. ಕಂಪೆನಿ ತನ್ನ ಪಾಲಿನಿಂದ ಕಟ್ಟುವ ಪಿಎಫ್‌ನಲ್ಲಿ ಕೂಲಿಯ ಶೇ. 8.33ರಷ್ಟು 1995ರ ಪಿಂಚಣಿ ಯೋಜನೆಗೆ, ಅಂದರೆ ಇಪಿಎಸ್‌ಗೆ ಹೋಗುತ್ತದೆ. ಕೊನೆಯ 60 ತಿಂಗಳ ಸರಾಸರಿ ಕೂಲಿಯನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪೆನ್ಶನ್. 20 ವರ್ಷ ಸರ್ವೀಸು ಮುಗಿಸಿ 58ಕ್ಕೆ ತೆಗೆದುಕೊಂಡರೆ ಎರಡು ವರ್ಷ ಸೇರಿಸಿ ಕೊಡುತ್ತಾರೆ. ಸರಾಸರಿ ಕೂಲಿ 6,000 ರೂಪಾಯಿ, ಸರ್ವೀಸು 22 ವರ್ಷ ಎಂದಿಟ್ಟುಕೊಳ್ಳಿ: 6,000 ಗುಣಿಸು 24, ಭಾಗಿಸು 70, ಬಂದದ್ದು 2,057 ರೂಪಾಯಿ. ಸಂಬಳ ಎಷ್ಟೇ ಇರಲಿ, ಹೆಚ್ಚಿನ ವೇತನದ ಮೇಲೆ ಕಟ್ಟಲು ಅನುಮತಿ ಪಡೆದವರನ್ನು ಬಿಟ್ಟರೆ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. ಹಾಗಾಗಿ ಖಾಸಗಿ ಕಂಪೆನಿಯ ಮ್ಯಾನೇಜರನಿಗೂ ಈ ಯೋಜನೆಯಿಂದ 7,500 ದಾಟುವುದು ಅಪರೂಪ. ಕನಿಷ್ಠ ಮೊತ್ತ 2014ರಲ್ಲಿ 1,000 ಎಂದು ನಿಗದಿಯಾಯಿತು. ಡಿಎ, ಅಂದರೆ ಬೆಲೆಯ ಜತೆ ಏರುವ ತುಟ್ಟಿಭತ್ಯೆ, ಇಲ್ಲವೇ ಇಲ್ಲ. ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷದಲ್ಲಿ ಇಮ್ಮಡಿಯಾಗುತ್ತದೆ. 58ರಲ್ಲಿ ಸಿಕ್ಕಿದ 2,057 ಎಪ್ಪತ್ತರ ಹೊತ್ತಿಗೆ ಮೊದಲಿನ ಸಾವಿರ ರೂಪಾಯಿಯ ಸಾಮಾನಿಗಷ್ಟೇ ಸಾಕು.

ಇಷ್ಟಾದರೂ ಅದನ್ನು ಕಳೆದುಕೊಳ್ಳಬಾರದು. ಕಳೆದುಹೋಗುವುದು ಹೆಚ್ಚಾಗಿ ಎರಡು ಕಡೆ. ಒಂದು, ಮದುವೆಯಾಗಿಯೋ ಮಗುವಾಗಿಯೋ ಕೆಲಸ ಬಿಟ್ಟಾಗ 10ಸಿ ಫಾರ್ಮ್ ತುಂಬಿ ಪಿಂಚಣಿಯ ಹಣವನ್ನೂ ತೆಗೆದುಬಿಡುವುದು. ಸಿಗುವುದು ಕೆಲವು ಸಾವಿರ, ಹೋಗುವುದು ಅಷ್ಟೂ ವರ್ಷದ ಸರ್ವೀಸು. ಪೆನ್ಶನಿಗೆ ಹತ್ತು ವರ್ಷ ಬೇಕು. ಹತ್ತು ತುಂಬದವರು ಅದೇ 10ಸಿ ಫಾರ್ಮಿನಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು, ಮುಂದೆ ಬೇರೆ ಕಡೆ ಸೇರಿದಾಗ ಹಳೆಯ ಸರ್ವೀಸು ಸೇರಿಕೊಳ್ಳುತ್ತದೆ. ಗುತ್ತಿಗೆದಾರ ಬದಲಾದಾಗ ಪಿಎಫ್ ನಂಬರೂ ಬದಲಾಗಿ, ಆರು ವರ್ಷ ಒಂದರಲ್ಲಿ, ಏಳು ವರ್ಷ ಇನ್ನೊಂದರಲ್ಲಿ ಬಿದ್ದುಕೊಂಡಿದ್ದರೆ ಎರಡನ್ನೂ ಒಂದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಅಡಿಗೆ ತಂದು ವರ್ಗಾಯಿಸಿಕೊಳ್ಳಿ. ಇಲ್ಲದಿದ್ದರೆ ಹದಿಮೂರು ವರ್ಷ ಬೀಡಿ ಕಟ್ಟಿದವರಿಗೂ "ಹತ್ತು ಆಗಲಿಲ್ಲ" ಎಂಬ ಉತ್ತರ ಬರುತ್ತದೆ.

ಇನ್ನೊಂದು ಹೆಸರಿನ ಗೋಜು. ಗಡಿನಾಡಿನಲ್ಲಿ ಇದು ಉಳಿದ ಕಡೆಗಿಂತ ಜಾಸ್ತಿ. ಪುತ್ತೂರಿನ ಶಾಲೆಯ ದಾಖಲೆಯಲ್ಲಿ ಬರೀ ಸುಮತಿ, ಮದುವೆಯಾಗಿ ಬದಿಯಡ್ಕಕ್ಕೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ಸುಮತಿ ಕೆ., ಪಿಎಫ್‌ನಲ್ಲಿ ಸುಮತಿಯ ಸ್ಪೆಲ್ಲಿಂಗಿಗೆ ಒಂದು 'ಎಚ್' ಹೆಚ್ಚು, ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ ಒಂದು. ಕಂಪ್ಯೂಟರಿಗೆ ಇವರು ನಾಲ್ಕು ಜನ. ಹಳೆಯ ಖಾತೆಗಳ ತಿದ್ದುಪಡಿಗೆ ಕೆಲಸಗಾರರೂ ಕಂಪೆನಿಯೂ ಸೇರಿ ಕೊಡುವ ಜಾಯಿಂಟ್ ಡಿಕ್ಲರೇಶನ್ ಬೇಕಾಗುತ್ತದೆ. ಕಂಪೆನಿಯ ಬಾಗಿಲು ಹಾಕಿದ ಮೇಲೆ ಅದಕ್ಕೆ ಎರಡು ಪಟ್ಟು ಓಡಾಟ. ಕೆಲಸದಲ್ಲಿರುವಾಗಲೇ ಆಧಾರವನ್ನು ಮೂಲವಾಗಿಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಸರಿಹೊಂದಿಸಿ.

ಪೆನ್ಶನ್ ಶುರುವಾದ ಮೇಲೂ ವರ್ಷಕ್ಕೊಮ್ಮೆ ಬದುಕಿದ್ದೇವೆಂದು ತೋರಿಸಬೇಕಷ್ಟೆ. ವರ್ಷಗಟ್ಟಲೆ ಬೀಡಿ ಎಲೆ ಸುರುಟಿದ, ಅಡಿಕೆ ಸುಲಿದ ಬೆರಳುಗಳಲ್ಲಿ ಗೆರೆ ಸವೆದುಹೋಗಿ ಯಂತ್ರ ಹಿಡಿಯುವುದಿಲ್ಲ. ಜೀವನ್ ಪ್ರಮಾಣಕ್ಕೆ ಮೊಬೈಲಿನಲ್ಲಿ ಮುಖ ತೋರಿಸುವ ವ್ಯವಸ್ಥೆ 2021ರಿಂದ ಇದೆ, ಅದನ್ನೇ ಕೇಳಿ. ಪಿಎಫ್ ಪೆನ್ಶನಿಗೆ ನವೆಂಬರೇ ಆಗಬೇಕೆಂದಿಲ್ಲ. ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ.

ಸರ್ಕಾರಿ ಮತ್ತು ಬ್ಯಾಂಕ್ ಪೆನ್ಶನಿನವರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ, ಡಿಎ ಇರುವುದರಿಂದ ಅವರು ಉಳಿದವರಿಗಿಂತ ಸುಖಿಗಳು. ಆದರೆ ಅದೇ ಬ್ಯಾಂಕಿಗೆ 2010ರ ಏಪ್ರಿಲಿನ ನಂತರ ಸೇರಿದವರು, ಕೇರಳದ ಶಾಲೆಗಳಿಗೆ 2013ರ ಏಪ್ರಿಲಿನ ನಂತರ ಸೇರಿದ ಕನ್ನಡ ಮಾಧ್ಯಮದ ಟೀಚರುಗಳು ಎನ್‌ಪಿಎಸ್‌ನಲ್ಲಿದ್ದಾರೆ, ಅಂದರೆ ಕಟ್ಟಿದ ಹಣ ಬೆಳೆದಷ್ಟರ ಮೇಲೆ ಪೆನ್ಶನ್. ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ಹಿರಿಯರಿಗೆ ಸಿಗುವಂಥದ್ದೇ ತಮಗೂ ಸಿಗುತ್ತದೆಂದು ಯಾರಾದರೂ ಅಂದುಕೊಂಡಿದ್ದರೆ ಒಮ್ಮೆ ತಮ್ಮ ಪ್ರಾನ್ (ಎನ್‌ಪಿಎಸ್ ನಂಬರ್) ಖಾತೆಯಲ್ಲಿ ಎಷ್ಟು ಇದೆ ಎಂದು ನೋಡಲಿ. ಅಲ್ಲಿನ ಇಡಿಗಂಟಿನಿಂದ ಕೊಳ್ಳುವ ಆನ್ಯುಟಿ, ಅಂದರೆ ತಿಂಗಳು ತಿಂಗಳು ಬರುವ ಮೊತ್ತ, ಸಾಮಾನ್ಯವಾಗಿ ಮೊದಲ ತಿಂಗಳು ಎಷ್ಟೋ ಕೊನೆಯ ತಿಂಗಳೂ ಅಷ್ಟೇ. ಅಟಲ್ ಪಿಂಚಣಿಯೂ ಹಾಗೆಯೇ. 18ರಲ್ಲಿ ಸೇರಿ ತಿಂಗಳಿಗೆ 210 ಕಟ್ಟಿದರೆ 60ಕ್ಕೆ 5,000 ಖಚಿತ. ಆದರೆ ಬೆಲೆ ಶೇ. 6ರಂತೆ ಏರುತ್ತಾ ಹೋದರೆ 42 ವರ್ಷದ ನಂತರದ ಆ 5,000 ಇವತ್ತಿನ ಸುಮಾರು 430 ರೂಪಾಯಿ.

ಕೇರಳದ ಕ್ಷೇಮ ಪಿಂಚಣಿ 1,600ರಲ್ಲಿದ್ದದ್ದು 2025ರ ನವೆಂಬರಿನಿಂದ 2,000 ಆಯಿತು. ಕುಟುಂಬದ ವರ್ಷದ ಆದಾಯ ಒಂದು ಲಕ್ಷ ದಾಟಬಾರದು, ಅಕ್ಷಯ ಎಂಬ ಸರ್ಕಾರಿ ಸೇವಾ ಕೇಂದ್ರದಲ್ಲಿ ಮಸ್ಟರಿಂಗ್, ಅಂದರೆ ಬದುಕಿದ್ದೇವೆಂದು ತೋರಿಸುವುದು, ತಪ್ಪಬಾರದು. ಹಲವು ತಿಂಗಳ ಬಾಕಿ ಬಿದ್ದಿದ್ದ ಕಾಲದಲ್ಲಿ, 2024ರಲ್ಲಿ, ಇದು ಸಹಾಯವೇ ಹೊರತು ಹಕ್ಕಲ್ಲ ಎಂದು ಸರ್ಕಾರವೇ ಹೈಕೋರ್ಟಿಗೆ ಹೇಳಿತು. ಮದ್ದಿನ ಖರ್ಚಿಗೆ ಇದನ್ನೇ ನೆಚ್ಚಿಕೊಳ್ಳಬೇಡಿ ಎನ್ನಲು ಬೇರೆ ಕಾರಣ ಬೇಕಾಗಿಲ್ಲ.

ಇನ್ನು ಉಳಿತಾಯ. ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯ ಬಡ್ಡಿ 2023ರ ಏಪ್ರಿಲಿನಲ್ಲಿ ಶೇ. 8.2 ಆಯಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸಿದರೂ ಖಾತೆ ತೆರೆದ ದಿನದ ದರವೇ ಐದು ವರ್ಷ ನಿಲ್ಲುತ್ತದೆ. ಈ ದರದಲ್ಲಿ 15 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 30,750. ಮಾಸಿಕ ಆದಾಯ ಯೋಜನೆಯಲ್ಲಿ, ಶೇ. 7.4ರಲ್ಲಿ, ಒಬ್ಬರ ಹೆಸರಿನ ಗರಿಷ್ಠ 9 ಲಕ್ಷಕ್ಕೆ ತಿಂಗಳಿಗೆ 5,550. ಎರಡೂ ಸೇರಿ 24 ಲಕ್ಷದಿಂದ ತಿಂಗಳಿಗೆ 15,800. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಇವತ್ತು ಸುಧಾರಿಸಬಹುದು. ತಪ್ಪುವುದು ಇಲ್ಲೇ: ಬಂದ ಬಡ್ಡಿಯನ್ನು ಪೂರ್ತಿ ಖರ್ಚು ಮಾಡಿದರೆ ಅಸಲು ಅಷ್ಟೇ ಉಳಿಯುತ್ತದೆ, ಖರ್ಚು ಮಾತ್ರ ಬೆಳೆಯುತ್ತದೆ. ಮೊದಲ ಏಳೆಂಟು ವರ್ಷ ಬಡ್ಡಿಯ ಕಾಲಂಶವನ್ನಾದರೂ ತಿರುಗಿ ಹೂಡಬೇಕು. ಬಡ್ಡಿಯನ್ನು ಖಾತೆಯಲ್ಲೇ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ, ಉಳಿತಾಯ ಖಾತೆಗೆ ಹೋಗುವಂತೆ ಬರೆದುಕೊಡಿ. ಐದು ವರ್ಷ ತುಂಬಿದ್ದನ್ನು ಮರೆತರೆ ಆಮೇಲೆ ಸಿಗುವುದು ಉಳಿತಾಯ ಖಾತೆಯ ದರ. ಮೂರು ವರ್ಷಕ್ಕೆ ಮುಂದುವರಿಸುವ ಅರ್ಜಿಯನ್ನು ಒಂದು ವರ್ಷದೊಳಗೆ ಕೊಡಬೇಕು.

ನಮ್ಮೂರಿನವರ ಹಣ ಹೆಚ್ಚಾಗಿ ಇರುವುದು ಸರ್ವೀಸ್ ಸಹಕಾರಿ ಬ್ಯಾಂಕಿನಲ್ಲಿ. ಪರಿಚಯದವರು, ಹತ್ತಿರ, ಬಡ್ಡಿಯೂ ಸ್ವಲ್ಪ ಜಾಸ್ತಿ. ಆದರೆ ಇವುಗಳಲ್ಲಿ ಬಹುಪಾಲು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕುಗಳಲ್ಲಿ ಪ್ರತಿ ಠೇವಣಿದಾರನಿಗೆ 5 ಲಕ್ಷದವರೆಗೆ ಇರುವ ಡಿಐಸಿಜಿಸಿ ವಿಮೆ ಸಂಘಗಳಿಗೆ ಇಲ್ಲ, ಕೇರಳ ಬ್ಯಾಂಕಿಗೆ ಇದೆ. ಸಂಘಗಳಿಗೆ ರಾಜ್ಯದ ಪ್ರತ್ಯೇಕ ಠೇವಣಿ ಗ್ಯಾರಂಟಿ ಮಂಡಳಿ ಇದೆ, ಅದಕ್ಕೂ ಮಿತಿ ಉಂಟು. ತ್ರಿಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನಲ್ಲಿ 2021ರಲ್ಲಿ ಹಗರಣ ಹೊರಬಂದ ಮೇಲೆ ಜನ ತಮ್ಮದೇ ಹಣಕ್ಕೆ ಕಾದದ್ದನ್ನು ನೋಡಿದ್ದೇವೆ. ಎಲ್ಲ ಸಂಘಗಳೂ ಹಾಗೆ ಅಂತಲ್ಲ. ಆದರೆ ಪಿಎಫ್, ಗ್ರಾಚ್ಯುಟಿ ಬಂದದ್ದನ್ನು ಪೂರ್ತಿ ಒಂದೇ ಸಂಘದಲ್ಲಿ, ಒಂದೇ ಹೆಸರಿನಲ್ಲಿ ಇಡುವುದು ಸಂಬಂಧಕ್ಕೆ ಕೊಡುವ ಮರ್ಯಾದೆ, ಹಣಕ್ಕೆ ಕೊಡುವ ಮರ್ಯಾದೆ ಅಲ್ಲ. ಚಿನ್ನದಂಗಡಿಯವರು "ಬಡ್ಡಿ ಅಲ್ಲ, ಲಾಭದ ಪಾಲು" ಎಂದು ಕೇಳುವ ಠೇವಣಿಗಂತೂ ಯಾವ ಗ್ಯಾರಂಟಿಯೂ ಇಲ್ಲ.

ಅಡಿಕೆ ತೋಟ ಮಾತ್ರ ಈ ಸಾಲಿನಲ್ಲಿ ಬೇರೆಯೇ ಜಾತಿ. ದೀರ್ಘಕಾಲದಲ್ಲಿ ಕ್ರಯದ ಜತೆ ಏರುವ ಗುಣ ಅದಕ್ಕಿದೆ, ತಿಂಗಳು ತಿಂಗಳು ಬರುವ ಗುಣ ಇಲ್ಲ. ಅದರ ಲೆಕ್ಕವನ್ನು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಇವತ್ತಿನ ಚಾಲಿ (ಒಣಗಿಸಿ ಸುಲಿದ ಅಡಿಕೆ) ದರದಿಂದ ಮಾಡಬಾರದು. ಕಳೆದ ಐದು ವರ್ಷ ಕೊಯ್ಲು, ಸುಲಿತ, ಗೊಬ್ಬರ, ಮದ್ದು ಬಿಡುವ ಕೂಲಿ ಎಲ್ಲ ಕಳೆದು ಕೈಯಲ್ಲಿ ಉಳಿದದ್ದರ ಸರಾಸರಿ ಹಿಡಿಯಿರಿ, ಅದರಲ್ಲಿ ಮೂರನೇ ಎರಡು ಪಾಲನ್ನು ಮಾತ್ರ ನಂಬಿ. ನಲವತ್ತೈದರಲ್ಲಿ ತಾವೇ ಮಾಡುತ್ತಿದ್ದ ಕೆಲಸಕ್ಕೆ ಅರುವತ್ತೈದರಲ್ಲಿ ಕೂಲಿ ಕೊಡಬೇಕು; ಮರ ಹತ್ತುವವರು ಸಿಗುವುದೇ ಕಷ್ಟ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಬೋರ್ಡೋ ದ್ರಾವಣ ಮಳೆಗೆ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಗೊನೆಗೆ ಬೀಳಬೇಕು. ಎರಡನೆಯದಕ್ಕೆ ಜನ ಸಿಗದೆ ಆಟಿಯ ಮಳೆ ಹಿಡಿದರೆ ಕೊಳೆರೋಗಕ್ಕೆ ಆ ವರ್ಷದ ಪೆನ್ಶನ್ ಉದುರಿಬಿಡುತ್ತದೆ. ತೋಟ ಇರುವವರು ಮ್ಯೂಚುವಲ್ ಫಂಡಿನ ಹಿಂದೆ ಹೆಚ್ಚು ಹೋಗಬೇಕಾಗಿಲ್ಲ, ಆದರೆ ಒಂದೂವರೆ ವರ್ಷದ ಮನೆಖರ್ಚು ಬ್ಯಾಂಕಿನಲ್ಲಿ ಇರಲೇಬೇಕು. ತೋಟವೂ ಇಲ್ಲ, ಡಿಎಯೂ ಇಲ್ಲ ಎನ್ನುವವರು ಇಡಿಗಂಟಿನ ಐದನೇ ಒಂದು ಪಾಲನ್ನಾದರೂ, ಏಳೆಂಟು ವರ್ಷ ಮುಟ್ಟುವುದಿಲ್ಲವೆಂದಾದರೆ, ಷೇರು ಸೂಚ್ಯಂಕವನ್ನು ಹಿಂಬಾಲಿಸುವ ಇಂಡೆಕ್ಸ್ ಫಂಡಿನಂಥ ಬೆಳೆಯುವ ಕಡೆ ಇಡುವುದು ನನ್ನ ಮಟ್ಟಿಗೆ ಸರಿ.

ತೋಟವನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವವರು ಒಂದು ವಾಕ್ಯವನ್ನು ಬರೆಸದೆ ಸಹಿ ಹಾಕಬೇಡಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳದಿದ್ದರೆ ಆಸ್ತಿ ವಾಪಸು ಕೇಳಬಹುದು. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆಯೇ ಕೊಟ್ಟದ್ದು ಎಂದು ತೋರಿಸಬೇಕಾಗುತ್ತದೆ. "ಊಟ, ಮದ್ದು, ವಾಸಕ್ಕೆ ನೋಡಿಕೊಳ್ಳುವ ಷರತ್ತಿನ ಮೇಲೆ" ಎಂದು ಪತ್ರದಲ್ಲೇ ಇರಲಿ, ಜೀವ ಇರುವಷ್ಟು ದಿನ ಹುಟ್ಟುವಳಿ ತಮಗೆ ಎಂಬುದೂ ಇರಲಿ. ಪತ್ರ ಮಲಯಾಳದಲ್ಲಿದ್ದರೆ ಓದಬಲ್ಲವರಿಂದ ಪೂರ್ತಿ ಓದಿಸಿ ಕೇಳಿ. ಆಮೇಲೆ ದೂರು ಕೊಡಬೇಕಾದರೆ ಹೋಗಬೇಕಾದದ್ದು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಮುಂದಿನ ಟ್ರಿಬ್ಯುನಲ್‌ಗೆ. ಅಲ್ಲಿ ಮೊದಲು ಕೇಳುವುದು ಆ ಪತ್ರವನ್ನೇ.